ಬಂಗ್ಲೆ ಅಂದ ಕೂಡಲೇ ಭೂತ ಯಾಕೆ ನೆನಪಾಗುತ್ತದೆ?

"ಭೂತ ಬಂಗ್ಲೆ" ಅನ್ನುವ ಮಾತು ನಮ್ಮ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ಅಲ್ವಾ? ಬಣ್ಣ ಹೋದ ಗೇಟು, ಆಳೆತ್ತರ ಹುಲ್ಲು, ಮುರಿದ ಕಿಟಕಿ ಕಂಡರೆ ಸಾಕು, ಅದು ಭೂತ ಬಂಗ್ಲೆ. ಆದರೆ ಭೂತ ತೊಟ್ಟಿಮನೆ ಅಂತ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಯೋಚನೆ ಮಾಡಿ ನೋಡಿ. ತೊಟ್ಟಿಮನೆಗಳಲ್ಲಿ ಸಾವು ಕಡಿಮೆ ಆಗಿದೆಯಾ? ನಾಲ್ಕು ತಲೆಮಾರು ಒಂದೇ ಸೂರಿನಡಿ ಹುಟ್ಟಿ, ಹೆತ್ತು, ಸತ್ತ ಮನೆಗಳು ಅವು. ಲೆಕ್ಕ ಹಾಕಿದರೆ ಅಲ್ಲೇ ದೆವ್ವಗಳು ಜಾಸ್ತಿ ಇರಬೇಕಿತ್ತು. ಹಾಗಿದ್ದೂ ಕಥೆ ಅಂಟಿಕೊಂಡದ್ದು ಬ್ರಿಟಿಷರ ಕಾಲದ ಬಂಗ್ಲೆಗಳಿಗೆ.

ಯಾಕೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ದೆವ್ವ ಇದೆಯಾ ಇಲ್ಲವಾ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಈ ಕಥೆಗಳು ಹೇಗೆ ಹುಟ್ಟುತ್ತವೆ, ಯಾಕೆ ಉಳಿಯುತ್ತವೆ, ಮತ್ತೆ ಯಾರನ್ನು ನೆನಪಿಟ್ಟುಕೊಂಡು ಯಾರನ್ನು ಮರೆಯುತ್ತವೆ ಅನ್ನುವುದೇ ನನಗೆ ದೊಡ್ಡ ವಿಷಯ.

ಮೊದಲು ನಮ್ಮ ನಾಡಿನದೇ ಒಂದು ಕಥೆ ತಗೊಳ್ಳೋಣ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಮೇಲೆ ಸ್ಕಾಟ್ ಬಂಗ್ಲೆ ಅಂತ ಒಂದು ಮನೆ ಇದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಕೈಗೆ ಬಂತು. ಅಲ್ಲಿ ತೋಪಿನ ಗಾಡಿ ತಯಾರಿಸುವ ಕಾರ್ಖಾನೆ ನಡೆಯುತ್ತಿತ್ತು, ಅದರ ಮುಖ್ಯಸ್ಥ ಕರ್ನಲ್ ಸ್ಕಾಟ್. ಕಥೆ ಹೀಗೆ ಸಾಗುತ್ತದೆ. ಒಂದು ದಿನ ಕರ್ನಲ್ ಕವಾಯತು ಮುಗಿಸಿ ಮನೆಗೆ ಬರುತ್ತಾನೆ. ಬೆಳಿಗ್ಗೆ ನಗುನಗುತ್ತಾ ಕಳಿಸಿಕೊಟ್ಟಿದ್ದ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಕಾಲರಾಕ್ಕೆ ಬಲಿಯಾಗಿ ಮಲಗಿದ್ದಾರೆ. ಅವನು ಒಂದು ಮಾತೂ ಆಡದೆ ಹಿಂದಿನ ಬಾಗಿಲಿಂದ ಇಳಿದು ಹೊಳೆ ಕಡೆ ನಡೆದುಹೋಗುತ್ತಾನೆ, ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ ಸ್ನೇಹಿತರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು, ಅವನು ವಾಪಸ್ ಬಂದರೆ ಬರಲಿ ಅಂತ, ಮನೆಯ ಒಂದು ಸಾಮಾನನ್ನೂ ಅಲುಗಿಸಬೇಡಿ ಅಂತ ಅಪ್ಪಣೆ ಮಾಡುತ್ತಾರೆ. ಮಂಚ, ಮೇಜು, ಕುರ್ಚಿ ಎಲ್ಲ ಇದ್ದ ಹಾಗೇ ಧೂಳು ತಿನ್ನುತ್ತಾ ವರ್ಷಗಟ್ಟಲೆ ಬಿದ್ದಿರುತ್ತವೆ.

ಎಂಥಾ ಕಥೆ! 19ನೇ ಶತಮಾನ ಮುಗಿಯುವ ಮೊದಲೇ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿ ಈ ಪಾಳು ಮನೆಯ ಮೇಲೆ ಪದ್ಯವನ್ನೇ ಬರೆದ. ಅದು ಆಗಿನ ಇಂಗ್ಲಿಷರ ನಡುವೆ ಚೆನ್ನಾಗಿ ಓಡಾಡಿತು.

ಈಗ ಅದೇ ಊರಿನ ಗ್ಯಾರಿಸನ್ ಸ್ಮಶಾನಕ್ಕೆ ಹೋಗೋಣ. ಅದೂ ಕಾವೇರಿ ಹತ್ತಿರವೇ ಇದೆ, 300ಕ್ಕೂ ಹೆಚ್ಚು ಗೋರಿಗಳಿವೆ. ಡಿ ಮ್ಯೂರಾನ್ ಅನ್ನುವ ಸ್ವಿಸ್ ರೆಜಿಮೆಂಟಿನವರ ಗೋರಿಗಳೂ ಅದರಲ್ಲಿವೆ. ಆ ಗೋರಿಗಳ ನಡುವೆ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಅನ್ನುವ ಹೆಣ್ಣುಮಗಳೂ ಇದ್ದಾಳೆ. ಆಕೆ ಕರ್ನಲ್‌ನ ಹೆಂಡತಿ, ತೀರಿಕೊಂಡದ್ದು 1817ರಲ್ಲಿ. ದಾಖಲೆ ಹೇಳುವ ಕಾರಣ ಕಾಲರಾ ಅಲ್ಲ, ಹೆರಿಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರತವನ್ನು ನಡುಗಿಸಿದ ಆ ಮೊದಲ ದೊಡ್ಡ ಕಾಲರಾ ಶುರುವಾದದ್ದು 1817ರ ಆಗಸ್ಟಿನಲ್ಲಿ, ಬಂಗಾಳದ ಜೆಸ್ಸೂರಿನ ಕಡೆ. ದಕ್ಷಿಣಕ್ಕೆ ಅದು ಬಂದು ತಲುಪಿದ್ದು 1818ರಲ್ಲಿ. ಅಂದರೆ ಕಥೆಯ ಕಾಯಿಲೆ ಈ ಸೀಮೆಗೆ ಬರುವ ಮೊದಲೇ ಕ್ಯಾರೊಲಿನ್ ಮಣ್ಣಾಗಿದ್ದಳು. ಹಾಗಾದರೆ ಕಾಲರಾ ಕಥೆಯೊಳಗೆ ಹೇಗೆ ಬಂತು? ಕಥೆ ಹೇಳಿದವರು ಆಮೇಲಿನ ಜನ. ಅವರು ಕಾಲರಾ ಅಲೆ ಮೇಲೆ ಅಲೆ ಬಂದದ್ದನ್ನು ಕಂಡವರು, ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಹೆಣವಾದದ್ದನ್ನು ಕಂಡವರು. ಒಂದು ದಿನದಲ್ಲಿ ಮನೆ ಖಾಲಿ ಮಾಡುವ ಶಕ್ತಿ ಆ ಕಾಯಿಲೆಗೆ ಇದೆ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು. ಹೆರಿಗೆ ಸಾವು ಆ ಕಾಲಕ್ಕೆ ಎಲ್ಲ ಮನೆಯಲ್ಲೂ ಆಗುತ್ತಿದ್ದ ಸಾವು. ಅದರಿಂದ ಒಂದು ಮನೆ ಯಾಕೆ ಪಾಳು ಬೀಳಬೇಕು? ಪಾಳು ಬಿದ್ದ ಮನೆಗೆ ಅದಕ್ಕೆ ತಕ್ಕ ಕಾರಣ ಬೇಕು. ಆ ಕಾರಣವನ್ನು ಜನ ತಮ್ಮ ಭಯದಿಂದ ತಂದು ಕೊಟ್ಟರು.

ನಿಜವಾದ ಕಾರಣ ಇನ್ನೂ ಸಪ್ಪೆ. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ ಸಹಿಸಲಾಗದೆ ಬ್ರಿಟಿಷರು 1809ರಲ್ಲೇ ದಂಡನ್ನು ಬೆಂಗಳೂರಿಗೆ ಸಾಗಿಸಿದ್ದರು. ನಮ್ಮ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದೇ ಹಾಗೆ. ದ್ವೀಪದಲ್ಲಿ ಉಳಿದದ್ದು ಒಂದಿಷ್ಟು ಮನೆ, ಒಂದಿಷ್ಟು ಗೋರಿ. ಊರಿಗೆ ಊರೇ ಖಾಲಿಯಾಗಿತ್ತು, ಆ ಖಾಲಿತನವೆಲ್ಲ ಕೊನೆಗೆ ಒಂದು ಮನೆಯ ಹೆಸರಿಗೆ ಬಂದು ಕೂತಿತು.

ಬಂಗ್ಲೆಯ ದೆವ್ವದ ಹಿಂದೆ ಇರುವ ಸಾವು ಬಹಳ ಸಲ ಸುಳ್ಳಲ್ಲ. ಯಾರೋ ಸತ್ತದ್ದು ನಿಜ, ಯಾರೋ ಅತ್ತದ್ದು ನಿಜ. ಬದಲಾಗುವುದು ಸಾವಿನ ಕಾರಣ, ಸತ್ತವರ ಸಂಖ್ಯೆ ಮತ್ತು ಆಮೇಲೆ ಏನಾಯಿತು ಅನ್ನುವುದು.

ಸರಿ, ಆದರೆ ದೆವ್ವ ಆಗಿಯೇ ಯಾಕೆ ಬರಬೇಕು? ಇಲ್ಲಿ ಎರಡು ಬೇರೆ ಬೇರೆ ನಂಬಿಕೆಗಳು ಕಲೆತಿವೆ.

ನಮ್ಮ ದೆವ್ವಗಳ ಸ್ವಭಾವ ನೆನಪು ಮಾಡಿಕೊಳ್ಳಿ. ಅವು ಒಂದು ಕಡೆ ಕೂರುವುದಿಲ್ಲ. ಹುಣಸೆ ಮರದಿಂದ ಇಳಿಯುತ್ತವೆ, ದಾರಿಯಲ್ಲಿ ಹಿಂದೆ ಬರುತ್ತವೆ, ಮೈಮೇಲೆ ಬರುತ್ತವೆ, ಬಾಗಿಲು ತಟ್ಟುತ್ತವೆ. 1990ರ ಸುಮಾರಿಗೆ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಮನೆಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದದ್ದು ಇದೇ ಕಾರಣಕ್ಕೆ. ಆ ದೆವ್ವ ನಿಮ್ಮ ಮನೆಗೂ ಬರಬಹುದು, ನನ್ನ ಮನೆಗೂ ಬರಬಹುದು. ಅದಕ್ಕೆ ಸ್ವಂತ ಮನೆ ಅಂತ ಇಲ್ಲ. ಇಂಗ್ಲೆಂಡಿನ ದೆವ್ವ ಹಾಗಲ್ಲ. ಅದು ಮನೆಗೆ ಕಟ್ಟುಬಿದ್ದದ್ದು. ಒಂದು ನಿರ್ದಿಷ್ಟ ಮೆಟ್ಟಿಲು, ಒಂದು ನಿರ್ದಿಷ್ಟ ಕೋಣೆ, ಒಂದು ನಿರ್ದಿಷ್ಟ ಹೊತ್ತು. ಬಂಗ್ಲೆ ಕಟ್ಟಿದ ಇಂಗ್ಲಿಷರು ತಮ್ಮ ಊರಿನ ಕುರ್ಚಿ, ಪಿಯಾನೊ, ಗುಲಾಬಿ ಗಿಡದ ಜೊತೆ ಈ ಅಭ್ಯಾಸವನ್ನೂ ತಂದರು. ಚಳಿಗಾಲದ ರಾತ್ರಿ ಬೆಂಕಿ ಮುಂದೆ ಕೂತು ದೆವ್ವದ ಕಥೆ ಹೇಳುವುದು ಅವರಿಗೆ ಹಬ್ಬದ ಭಾಗವೇ ಆಗಿತ್ತು.

ನಮ್ಮ ಕಡೆಯಿಂದ ಸೇರಿದ್ದು ಇನ್ನೊಂದು ತಿಳುವಳಿಕೆ. ಅಕಾಲದಲ್ಲಿ ಸತ್ತವರು, ಉತ್ತರಕ್ರಿಯೆ ಆಗದವರು, ಎಡೆ ಇಡುವವರಿಲ್ಲದವರು ಅಲೆಯುತ್ತಾರೆ ಅನ್ನುವ ನಂಬಿಕೆ. ದೊರೆಗಳ, ಅಂದರೆ ಈ ಬಿಳಿಯರ, ಸ್ಥಿತಿ ನೋಡಿ: ಇಪ್ಪತ್ತು ಇಪ್ಪತ್ತೈದು ವಯಸ್ಸಿಗೆ ಸಾವು, ಸಾವಿರಾರು ಮೈಲಿ ದೂರದಲ್ಲಿ ಬಂಧುಬಳಗ, ತಿಥಿ ಇಲ್ಲ, ಹೆಸರು ಹೇಳಿ ನೀರು ಬಿಡುವವರಿಲ್ಲ. ಹಳ್ಳಿಯವರ ಲೆಕ್ಕದಲ್ಲಿ ಇವರಿಗಿಂತ ಹಸಿದ ಆತ್ಮ ಬೇರೆ ಯಾವುದಿರುತ್ತದೆ? ಇದು ಬರೀ ನನ್ನ ಊಹೆ ಅಲ್ಲ. 1809ರಲ್ಲಿ ತಿರುವಾಂಕೂರಿನ ಗಡಿ ಕೋಟೆ ಹಿಡಿಯುವಾಗ ಗಾಯಗೊಂಡು ಸತ್ತ ಕ್ಯಾಪ್ಟನ್ ಪೋಲ್ ಅನ್ನುವವನನ್ನು ತಿರುನೆಲ್ವೇಲಿ ಕಡೆಯ ಜನ ಪೂಜೆ ಮಾಡುತ್ತಿದ್ದರು. ಎಡೆಗೆ ಏನು ಇಡುತ್ತಿದ್ದರು ಗೊತ್ತಾ? ಸಾರಾಯಿ ಮತ್ತು ಚುಟ್ಟಾ. ಮಿಷನರಿ ರಾಬರ್ಟ್ ಕಾಲ್ಡ್‌ವೆಲ್ ಇದನ್ನು ಬರೆದಿಟ್ಟಿದ್ದಾನೆ. ಬದುಕಿದ್ದಾಗ ಅವನಿಗೆ ಏನು ಇಷ್ಟವಿತ್ತೋ ಅದನ್ನೇ ಕೊಟ್ಟು ಸಮಾಧಾನ ಮಾಡುವುದು. ತುಳುನಾಡಿನ ದೈವಗಳ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಅನ್ಯಾಯವಾಗಿ, ಅರ್ಧ ಆಯಸ್ಸಿಗೆ ಹೋದವರನ್ನು ಸುಮ್ನೆ ಬಿಡಬಾರದು, ಅವರಿಗೆ ಒಂದು ಜಾಗ, ಒಂದು ಊಟ ಕೊಡಬೇಕು ಅನ್ನುವ ಕರುಣೆ ಅದರೊಳಗಿದೆ.

ಈ ಎರಡು ನಂಬಿಕೆ ಸೇರಿದಾಗ ಬಂಗ್ಲೆ ದೆವ್ವ ಹುಟ್ಟಿತು. ಮನೆಗೆ ಕಟ್ಟುಬಿದ್ದದ್ದು ಇಂಗ್ಲಿಷರ ರೀತಿ, ಶಾಂತಿ ಸಿಗದೆ ಅಲೆಯುವುದು ನಮ್ಮ ರೀತಿ.

ಸಾವು ಎಷ್ಟು ಹತ್ತಿರ ಇತ್ತು ಅನ್ನುವುದನ್ನೂ ಮರೆಯಬಾರದು. ಬಾಂಬೆಗೆ ಬಂದಿಳಿದ ಯುರೋಪಿಯನ್ನನ ಆಯಸ್ಸು ಎರಡು ಮಳೆಗಾಲ ಅಂತ ಒಂದು ಗಾದೆಯೇ ಇತ್ತು. ಕೋಲ್ಕತ್ತಾದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ಶುರುವಾದದ್ದು 1767ರಲ್ಲಿ. ಅಲ್ಲಿ ಒಮ್ಮೆ ಓಡಾಡಿದರೆ ಗೋರಿ ಮೇಲಿನ ವಯಸ್ಸುಗಳೇ ಎಲ್ಲ ಹೇಳುತ್ತವೆ. ಮನೆಗಳ ಕಥೆ ಇನ್ನೂ ಬೇರೆ. ನಮ್ಮ ಮನೆಯಲ್ಲಿ ಅಜ್ಜ ಸತ್ತರೆ ಮಗ ಇರುತ್ತಾನೆ, ಮೊಮ್ಮಗ ಇರುತ್ತಾನೆ. ಅಜ್ಜನ ಕುರ್ಚಿಯಲ್ಲಿ ಮಾರನೇ ತಿಂಗಳೇ ಯಾರೋ ಕೂರುತ್ತಾರೆ. ಬಂಗ್ಲೆಯಲ್ಲಿ ದೊರೆ ಸತ್ತರೆ, ವರ್ಗವಾದರೆ, ಊರಿಗೆ ಹೊರಟರೆ, ಸಾಮಾನೆಲ್ಲ ಹರಾಜು. ಮುಂದೆ ಬರುವವನು ಪೂರ್ತಿ ಹೊಸಬ. ಹಿಂದಿನವನು ಯಾರು, ಏನಾದ ಅಂತ ಹೇಳಬಲ್ಲವರು ಬಟ್ಲರ್, ಮಾಲಿ, ಕಾವಲುಗಾರ ಮಾತ್ರ. ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನ್ನಿಸುತ್ತದೆ. ತೊಟ್ಟಿಮನೆಯಲ್ಲಿ ಸತ್ತವರು ಹಿರಿಯರಾಗುತ್ತಾರೆ, ಮಹಾಲಯ ಅಮಾವಾಸ್ಯೆಗೆ ಎಡೆ ತಗೊಳ್ಳುತ್ತಾರೆ. ಬಂಗ್ಲೆಯಲ್ಲಿ ಸತ್ತವರನ್ನು ಹಿರಿಯರು ಅಂತ ಕರೆಯುವವರು ಯಾರೂ ಇರಲಿಲ್ಲ.

ಹರಾಜು ಅಂದಾಗ ವಾರನ್ ಹೇಸ್ಟಿಂಗ್ಸ್ ನೆನಪಾಗುತ್ತಾನೆ. ಬಂಗಾಳದ ಮೊದಲ ಗವರ್ನರ್ ಜನರಲ್, ಭಾರತ ಬಿಟ್ಟದ್ದು 1785ರಲ್ಲಿ. ಕೋಲ್ಕತ್ತಾದ ಆಲಿಪುರದ ಹೇಸ್ಟಿಂಗ್ಸ್ ಹೌಸ್‌ಗೆ ಅವನು ರಾತ್ರಿ ಹೊತ್ತು ಕುದುರೆ ಸಾರೋಟಿನಲ್ಲಿ ಬಂದಿಳಿದು ಕೋಣೆಕೋಣೆ ಹುಡುಕುತ್ತಾನೆ ಅಂತ ಕಥೆ. ಹುಡುಕುವುದು ಒಂದು ಕಪ್ಪು ಬೀರುವನ್ನು. ಇದರ ಬೇರು ಎಲ್ಲಿದೆ ಗೊತ್ತಾ? ಪತ್ರಿಕೆಯ ಒಂದು ಜಾಹೀರಾತಿನಲ್ಲಿ! 1787ರ ಕಲ್ಕತ್ತಾ ಗೆಜೆಟ್‌ನಲ್ಲಿ ಅವನ ಪರವಾಗಿ ಒಂದು ಪ್ರಕಟಣೆ ಬಂತು. ಹಳೇ ಕಪ್ಪು ಬೀರು, ಒಳಗೆ ಎರಡು ಸಣ್ಣ ಚಿತ್ರ ಮತ್ತು ಖಾಸಗಿ ಕಾಗದಪತ್ರ, ಕಳುವಾಗಿರಬೇಕು ಇಲ್ಲವೇ ಹರಾಜಿನಲ್ಲಿ ತಪ್ಪಿ ಮಾರಾಟವಾಗಿರಬೇಕು, ಹುಡುಕಿಕೊಟ್ಟವರಿಗೆ 2000 ಸಿಕ್ಕಾ ರೂಪಾಯಿ (ಆಗಿನ ಬೆಳ್ಳಿ ನಾಣ್ಯ). ಆಗಿನ 2000 ರೂಪಾಯಿ ಸಣ್ಣ ಮೊತ್ತ ಅಲ್ಲ. ಮರುವರ್ಷವೇ, 1788ರಲ್ಲಿ, ಲಂಡನ್ನಿನಲ್ಲಿ ಅವನ ಮೇಲೆ ಮಹಾಭಿಯೋಗದ ವಿಚಾರಣೆ ಶುರುವಾಯಿತು. ಏಳು ವರ್ಷ ಎಳೆದು 1795ರಲ್ಲಿ ಬಿಡುಗಡೆ. ಆ ಕಾಗದ ಸಿಕ್ಕಿದ್ದರೆ ಅವನ ಕಷ್ಟ ತಪ್ಪುತ್ತಿತ್ತು ಅಂತ ಜನ ಆ ಎರಡನ್ನೂ ಗಂಟು ಹಾಕಿದರು. ಕಥೆಯೊಳಗೆ ಒಂದು ಎಡವಟ್ಟಿದೆ, ಗಮನಿಸಿ. ಪ್ರಕಟಣೆಯ ಪ್ರಕಾರ ಬೀರು ಇದ್ದದ್ದು ಎಸ್‌ಪ್ಲನೇಡ್‌ನಲ್ಲಿದ್ದ ಅವನ ಮನೆಯಲ್ಲಿ. ದೆವ್ವ ಹುಡುಕುವುದು ಆಲಿಪುರದಲ್ಲಿ. ದೊಡ್ಡ ತೋಟ, ಸಾರೋಟು ಬಂದು ನಿಲ್ಲುವ ಕಂಬದ ಮುಖಮಂಟಪ, ಇವೆಲ್ಲ ಉಳಿದದ್ದು ಆಲಿಪುರದಲ್ಲಿ. ಹಾಗಾಗಿ ಕಥೆ ಮನೆ ಬದಲಿಸಿತು.

ಇನ್ನು ಮನೆಯ ಕಟ್ಟಡಕ್ಕೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು, ಯಾಕೆಂದರೆ ಒಂದು ರಾತ್ರಿ ಇಡೀ ನಾನೇ ಹೆದರಿ ಕೂತಿದ್ದೆ.

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಹಳೇ ಬಂಗ್ಲೆ. ಮಂಗಳೂರು ಹೆಂಚು, ಹೆಂಚಿನ ಕೆಳಗೆ ಮರದ ಹಲಗೆಯ ಮುಚ್ಚಿಗೆ, ನಡುವೆ ಒಬ್ಬ ಮನುಷ್ಯ ತೆವಳಿಕೊಂಡು ಹೋಗುವಷ್ಟು ಜಾಗ. ಊಟ ಬಡಿಸಿದ ಮೇಟಿ ಹೋಗುವ ಮೊದಲು ಹೇಳಿದ, "ರಾತ್ರಿ ದೊರೆ ಓಡಾಡ್ತಾರೆ, ಹೆದರ್ಕೋಬೇಡಿ, ಏನೂ ಮಾಡಲ್ಲ." ಹನ್ನೊಂದು ಗಂಟೆ ದಾಟಿರಬೇಕು. ತಲೆ ಮೇಲೆ ಹೆಜ್ಜೆ ಸದ್ದು. ನಾಲ್ಕು ಹೆಜ್ಜೆ, ನಿಲ್ಲುವುದು, ಮತ್ತೆ ಮೂರು ಹೆಜ್ಜೆ. ಹಲಗೆ ಕಿರ್ ಅಂತ ಬಾಗುವುದೂ ಕೇಳುತ್ತಿತ್ತು. ಆಮೇಲೆ ಏನೋ ಎಳೆದ ಸದ್ದು. ನನಗೆ ಗಂಟಲು ಒಣಗಿತು, ನೀರಿನ ಚೊಂಬು ಎರಡು ಮಾರು ದೂರದಲ್ಲಿತ್ತು, ಎದ್ದು ಹೋಗಲು ಕಾಲು ಬರಲಿಲ್ಲ. ಬೆಳಿಗ್ಗೆ ಏಣಿ ಇಡಿಸಿ ಹತ್ತಿ ನೋಡಿದೆ. ಮುಚ್ಚಿಗೆಯ ಮೂಲೆಯಲ್ಲಿ ಹಿಕ್ಕೆ ಬಿದ್ದಿತ್ತು, ಹಿಕ್ಕೆಯ ತುಂಬ ಕಾಫಿ ಬೀಜ. ಕಬ್ಬೆಕ್ಕು! ಹಗಲಿಡೀ ಮುಚ್ಚಿಗೆಯಲ್ಲಿ ಮಲಗಿ, ರಾತ್ರಿ ಎದ್ದು ಹಣ್ಣು ತಿನ್ನಲು ಹೋಗುವ ಪ್ರಾಣಿ. ಮೂರು ನಾಲ್ಕು ಕಿಲೋ ತೂಕದ ಬೆಕ್ಕು ಒಣ ಹಲಗೆಯ ಮೇಲೆ ನಡೆದರೆ, ಕೆಳಗೆ ಮಲಗಿದವರಿಗೆ ಬೂಟು ಹಾಕಿದ ಮನುಷ್ಯನ ನಡಿಗೆಯ ಹಾಗೇ ಕೇಳುತ್ತದೆ. ಹಲಗೆ ಮುಚ್ಚಿಗೆ ಅನ್ನುವುದು ಒಂದು ದೊಡ್ಡ ತಮಟೆ ಇದ್ದ ಹಾಗೆ.

ಬಂಗ್ಲೆಗಳನ್ನು ಕಟ್ಟಿದ್ದೇ ಸೆಕೆಗೆ ಹೆದರಿ. ಬಂಗಾಳದ ಹಳ್ಳಿಮನೆಯ ಮಾದರಿಯಿಂದ ಹೆಸರನ್ನೂ ಆಕಾರವನ್ನೂ ತಗೊಂಡರು, ಅದಕ್ಕೇ ಅದು ಬಂಗ್ಲೆ. ಎತ್ತರದ ಸೂರು, ಸೂರಿನ ಹತ್ತಿರ ಗವಾಕ್ಷಿ, ಎಲ್ಲ ಕೋಣೆಗೂ ಎರಡು ಮೂರು ಬಾಗಿಲು, ಸುತ್ತ ವೆರಾಂಡ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೋಗಬೇಕು. ಅದೇ ಗಾಳಿ ನಡುರಾತ್ರಿ ಬಾಗಿಲನ್ನು ತಾನೇ ತೆರೆಯುತ್ತದೆ, ಪರದೆಯನ್ನು ಉಬ್ಬಿಸುತ್ತದೆ, ಕತ್ತಿನ ಹಿಂದೆ ತಣ್ಣಗೆ ಸೋಕುತ್ತದೆ. ಹಗಲು ಕಾದ ತೇಗದ ತೊಲೆ ರಾತ್ರಿ ತಣ್ಣಗಾಗುತ್ತಾ ಕುಗ್ಗುತ್ತದೆ, ಕುಗ್ಗುವಾಗ ಲಟಕ್ ಅನ್ನುತ್ತದೆ. ಬೆಂಗಳೂರಿನ ಹಳೇ ಬಂಗ್ಲೆಗಳ ಮಂಕಿ ಟಾಪ್ (ಕಿಟಕಿ ಮೇಲಿನ ಮರದ ಚೂಪು ಚಪ್ಪರ) ಕೆಳಗೆ, ಗವಾಕ್ಷಿಯ ಗೂಡಿನಲ್ಲಿ, ಕಣಜ ಗೂಬೆ ಸಂಸಾರ ಹೂಡುತ್ತದೆ. ಅದರ ಮುಖ ಬೆಳ್ಳಗೆ, ರೆಕ್ಕೆ ಬಡಿದರೂ ಸದ್ದಿಲ್ಲ, ಕೂಗಿದರೆ ಹೆಣ್ಣುಮಗಳು ಕಿರುಚಿದ ಹಾಗೆ. ಬಿಳಿ ಬಟ್ಟೆಯ ದೊರೆಸಾನಿ ವೆರಾಂಡದಲ್ಲಿ ತೇಲಿ ಹೋದಳು ಅನ್ನುವ ಕಥೆಗಳಲ್ಲಿ ಎಷ್ಟನ್ನು ಈ ಹಕ್ಕಿಗೆ ಕೊಡಬಹುದೋ.

ನಮ್ಮ ತಲೆಯೊಳಗೂ ಒಂದಿಷ್ಟು ನಡೆಯುತ್ತದೆ. ಡಾಕ್ ಬಂಗ್ಲೆ, ಆಮೇಲೆ ಬಂದ ಐಬಿ (ಇನ್‌ಸ್ಪೆಕ್ಷನ್ ಬಂಗ್ಲೆ), ಈಗಿನ ಹೋಂಸ್ಟೇ, ಎಲ್ಲವೂ ಒಂದು ರಾತ್ರಿಯ ತಂಗುದಾಣ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಹೊಸ ಜಾಗದಲ್ಲಿ ಮೊದಲ ರಾತ್ರಿ ಮಲಗುವವರ ಮಿದುಳನ್ನು ಪರೀಕ್ಷಿಸಿದರು. ಮಿದುಳಿನ ಒಂದು ಭಾಗ ಪೂರ್ತಿ ನಿದ್ದೆಗೆ ಇಳಿಯುವುದೇ ಇಲ್ಲ, ಕಾವಲು ಕೂತಂತೆ ಸಣ್ಣ ಸದ್ದಿಗೂ ಕಿವಿ ಕೊಡುತ್ತಿರುತ್ತದೆ ಅಂತ ಗೊತ್ತಾಯಿತು. ಪ್ರಯಾಣದ ಸುಸ್ತು, ಕಾಡಿನ ಕತ್ತಲೆ, ಮೇಟಿ ಹೇಳಿದ ಕಥೆ, ಅದರ ಮೇಲೆ ಅರ್ಧ ಎಚ್ಚರದ ಮಿದುಳು. ಇನ್ನೇನು ಬೇಕು?

ಎದೆ ಮೇಲೆ ಯಾರೋ ಕೂತ ಹಾಗೆ, ಕೂಗಲು ಬಾಯಿ ಬಾರದ ಹಾಗೆ ಆಗುವುದು ನಿದ್ರಾ ಪಾರ್ಶ್ವವಾಯು. ಕನಸು ಬೀಳುವ ನಿದ್ದೆಯಲ್ಲಿ ದೇಹದ ಸ್ನಾಯುಗಳು ಸಡಿಲವಾಗಿ ಕೆಲಸ ನಿಲ್ಲಿಸಿರುತ್ತವೆ. ಆ ಹೊತ್ತಿಗೆ ಪ್ರಜ್ಞೆ ಮೊದಲು ಎದ್ದುಬಿಟ್ಟರೆ ಕಣ್ಣು ತೆರೆದಿರುತ್ತದೆ, ಕೋಣೆ ಕಾಣುತ್ತದೆ, ಕನಸು ಇನ್ನೂ ಮುಗಿದಿರುವುದಿಲ್ಲ. ನೂರರಲ್ಲಿ ಏಳೆಂಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗುತ್ತದೆ. ಮನೆಯಲ್ಲಿ ಆದರೆ ಕೆಟ್ಟ ಕನಸು ಅಂತೀವಿ, ಬಂಗ್ಲೆಯಲ್ಲಿ ಆದರೆ ದೊರೆಸಾನಿ ಅಂತೀವಿ.

ಹಳೇ ಬಂಗ್ಲೆಗಳ ಆಳೆತ್ತರದ ಕನ್ನಡಿಗಳಿಗೂ ಒಂದು ಕಾರಣ ಇದೆ. ಇಟಲಿಯ ಮನಶ್ಶಾಸ್ತ್ರಜ್ಞ ಜಿಯೊವಾನಿ ಕಪುಟೊ 2010ರಲ್ಲಿ 50 ಜನರನ್ನು ಮಂದ ಬೆಳಕಿನಲ್ಲಿ ಕನ್ನಡಿ ಮುಂದೆ ಹತ್ತು ನಿಮಿಷ ಕೂರಿಸಿದ. ಮೂರರಲ್ಲಿ ಎರಡು ಪಾಲು ಜನರಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತು. ಕೆಲವರಿಗೆ ಬೇರೆ ಯಾರದೋ ಮುಖ ಕಂಡಿತು. ಒಂದೇ ಕಡೆ ದಿಟ್ಟಿಸಿದಾಗ ಮಿದುಳು ಕೆಲವು ವಿವರಗಳನ್ನು ಅಳಿಸಿ, ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ.

ಒಂದು ಕಾರಣವನ್ನು ಮಾತ್ರ ಗಂಭೀರವಾಗಿ ಹೇಳಬೇಕು. ಬೆಟ್ಟದ ಬಂಗ್ಲೆಗಳಲ್ಲಿ ಬೆಂಕಿಗೂಡು ಇರುತ್ತದೆ. ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ, ಅಥವಾ ಮುಚ್ಚಿದ ಕೋಣೆಯೊಳಗೆ ಇದ್ದಿಲು ಕೆಂಡ ಇಟ್ಟರೆ, ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಎದೆ ಭಾರ, ಯಾರೋ ಇದ್ದಾರೆ ಅನ್ನುವ ಭ್ರಮೆ, ಎಲ್ಲ ಬರುತ್ತದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಇಂಥದೇ ಒಂದು ಕುಟುಂಬದ ಬಗ್ಗೆ ಬರೆದ. ಹೆಜ್ಜೆ ಸದ್ದು, ಅಪರಿಚಿತ ಆಕೃತಿಗಳು, ಒಣಗುತ್ತಿದ್ದ ಗಿಡಗಳು. ಕಾರಣ ಕೆಟ್ಟುಹೋಗಿದ್ದ ಬೆಂಕಿ ಕುಲುಮೆ. ಅದನ್ನು ಸರಿ ಮಾಡಿಸಿದ ಮೇಲೆ ಎಲ್ಲ ನಿಂತಿತು. ಚಳಿಗೆ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಬೇಡಿ, ದಯವಿಟ್ಟು. ಆ ಕೋಣೆಯಲ್ಲಿ ದೆವ್ವ ಕಂಡರೆ ಮೊದಲು ಕಿಟಕಿ ತೆರೆದು ಹೊರಗೆ ಬನ್ನಿ.

ಕಿವಿಗೆ ಕೇಳದ ತಗ್ಗು ಸದ್ದಿನ ಮಾತೂ ಇದೆ. 1998ರಲ್ಲಿ ವಿಕ್ ಟ್ಯಾಂಡಿ ಅನ್ನುವ ಇಂಗ್ಲಿಷ್ ಎಂಜಿನಿಯರ್ ತನ್ನ ಪ್ರಯೋಗಾಲಯದ ದೆವ್ವವನ್ನು 19 ಹರ್ಟ್ಸ್ ಸದ್ದು ಮಾಡುತ್ತಿದ್ದ ಫ್ಯಾನ್‌ಗೆ ಹೊರಿಸಿದ. ಕೇಳಲು ಚೆನ್ನಾಗಿದೆ, ಆದರೆ ಎಲ್ಲ ಮನೆಗೂ ಇದನ್ನು ಅಂಟಿಸುವುದು ನನಗೆ ಒಪ್ಪಿಗೆ ಇಲ್ಲ. ಕಬ್ಬೆಕ್ಕು ಸಾಕು.

ಸದ್ದು, ಗಾಳಿ, ನಿದ್ದೆ ಇವೆಲ್ಲ ಎಲ್ಲ ಹಳೇ ಮನೆಯಲ್ಲೂ ಇವೆ. ಕಥೆ ತಲೆಮಾರುಗಟ್ಟಲೆ ಉಳಿಯಬೇಕಾದರೆ ಅದು ಯಾರಿಗಾದರೂ ಬೇಕಾಗಿರಬೇಕು. ಒಂಟಿ ಕಾವಲುಗಾರನಿಗೆ ಬೇಕು, ಕಳ್ಳರು ಹತ್ತಿರ ಬರುವುದಿಲ್ಲ. ಅವನು ನಿದ್ದೆ ಹೋಗದ ಹಾಗೆ ನೋಡಿಕೊಳ್ಳಬೇಕಾದ ಯಜಮಾನನಿಗೂ ಬೇಕು. ರಾಜಸ್ಥಾನದ ಕೋಟಾದಲ್ಲಿ ಬ್ರಿಜ್‌ರಾಜ್ ಭವನ ಅಂತ ಇದೆ, ಹಿಂದೆ ಬ್ರಿಟಿಷ್ ರೆಸಿಡೆನ್ಸಿ. 1857ರ ಅಕ್ಟೋಬರಿನಲ್ಲಿ ದಂಗೆ ಎದ್ದ ಸಿಪಾಯಿಗಳು ಅಲ್ಲಿ ಮೇಜರ್ ಚಾರ್ಲ್ಸ್ ಬರ್ಟನ್ ಮತ್ತು ಅವನ ಇಬ್ಬರು ಮಕ್ಕಳನ್ನು ಕೊಂದರು. ಇದು ಇತಿಹಾಸ. ಕಥೆಯಲ್ಲಿ ಮೇಜರ್ ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ, ತೂಕಡಿಸುವ ಕಾವಲುಗಾರನ ಕೆನ್ನೆಗೆ ಮಾತ್ರ ಬಾರಿಸುತ್ತಾನೆ. ಈಗ ಅದು ಹೆರಿಟೇಜ್ ಹೋಟೆಲ್, ದೆವ್ವದ ಹೆಸರು ಕೇಳಿಯೇ ಬರುವ ಅತಿಥಿಗಳಿದ್ದಾರೆ.

ಖಾಲಿ ಜಾಗ ಕಂಡರೆ ನಮ್ಮ ಮನಸ್ಸು ಎಷ್ಟು ಬೇಗ ತುಂಬುತ್ತದೆ ಅನ್ನುವುದಕ್ಕೆ ಕೋಲ್ಕತ್ತಾದ ಬೆಲ್ವೆಡಿಯರ್ ಹೌಸ್ ಒಳ್ಳೇ ಉದಾಹರಣೆ. ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳ ಮನೆಯಾಗಿದ್ದದ್ದು, ಸ್ವಾತಂತ್ರ್ಯದ ಮೇಲೆ ರಾಷ್ಟ್ರೀಯ ಗ್ರಂಥಾಲಯವಾಯಿತು. 2010ರಲ್ಲಿ ಪುರಾತತ್ವ ಇಲಾಖೆ ದುರಸ್ತಿ ಮಾಡುವಾಗ ನೆಲಮಹಡಿಯಲ್ಲಿ ಸುಮಾರು 1000 ಚದರ ಅಡಿಯ ಒಂದು ಭಾಗ ಸಿಕ್ಕಿತು. ಬಾಗಿಲಿಲ್ಲ, ಕಿಟಕಿಯಿಲ್ಲ. ನಿಧಿ ಇದೆ ಅಂದರು, ಚಿತ್ರಹಿಂಸೆಯ ಕೋಣೆ ಅಂದರು, ಅಸ್ಥಿಪಂಜರ ಅಂದರು. ತೂತು ಕೊರೆದು ನೋಡಿದರೆ ಒಳಗೆ ಇದ್ದದ್ದು ಮಣ್ಣು. ಕಟ್ಟಡದ ಭಾರ ಹೊರಲು ತುಂಬಿಸಿದ್ದ ಮಣ್ಣು.

ಈಗ ನನಗೆ ನಿಜಕ್ಕೂ ನೋವು ಕೊಡುವ ಮಾತು. ಈ ದೆವ್ವಗಳ ಪಟ್ಟಿ ತೆಗೆದು ನೋಡಿ: ಗವರ್ನರ್, ಮೇಜರ್, ಕರ್ನಲ್, ಲೇಡಿ. ಎಲ್ಲರಿಗೂ ಹುದ್ದೆ ಇದೆ. ಆ ಮನೆಗಳಲ್ಲಿ ಒಬ್ಬ ದೊರೆಗೆ ಹತ್ತಿಪ್ಪತ್ತು ಆಳುಗಳಿದ್ದರು. ರಾತ್ರಿಯಿಡೀ ಹಗ್ಗ ಜಗ್ಗಿ ಪಂಕ ಬೀಸುವವನು, ಆಯಾ, ನೀರು ಹೊರುವವನು, ಕುದುರೆ ಕಾಯುವವನು. ಅವರು ಸಾಯಲಿಲ್ಲವಾ?

1875ರಲ್ಲಿ ಆಗ್ರಾದಲ್ಲಿ ಒಂದು ಭಾನುವಾರ, ಫುಲ್ಲರ್ ಅನ್ನುವ ಇಂಗ್ಲಿಷ್ ವಕೀಲ ಕುಟುಂಬ ಸಮೇತ ಚರ್ಚಿಗೆ ಹೊರಟಿದ್ದ. ಗಾಡಿ ಹತ್ತಿರ ಕುದುರೆ ಆಳು ಕಟ್ವಾರೂ ಹೊತ್ತಿಗೆ ಸರಿಯಾಗಿ ಇರಲಿಲ್ಲ. ಫುಲ್ಲರ್ ಅವನ ತಲೆ, ಮುಖಕ್ಕೆ ಹೊಡೆದ, ಕೂದಲು ಹಿಡಿದು ಎಳೆದ, ಅವನು ಬಿದ್ದ. ಮನೆಯವರೆಲ್ಲ ಚರ್ಚಿಗೆ ಹೋದರು. ಕಟ್ವಾರೂ ಎದ್ದು ಪಕ್ಕದ ಅಂಗಳಕ್ಕೆ ಹೋಗಿ ಅಲ್ಲೇ ಸತ್ತ. ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಒಡೆದಿತ್ತು. ಮಲೇರಿಯಾದಿಂದ ಊದಿಕೊಂಡಿದ್ದ ಗುಲ್ಮ ಸಣ್ಣ ಏಟಿಗೂ ಒಡೆಯುತ್ತದೆ ಅನ್ನುವುದು ಆ ಕಾಲದ ಕೋರ್ಟುಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ವಾದ. ಫುಲ್ಲರ್‌ಗೆ ಬಿದ್ದ ದಂಡ 30 ರೂಪಾಯಿ. ವೈಸರಾಯ್ ಲಿಟ್ಟನ್ ಕೂಡ ಇದನ್ನು ತಡೆದುಕೊಳ್ಳಲಾಗದೆ 1876ರಲ್ಲಿ ಖಂಡಿಸಿ ಬರೆದ. ಅಕಾಲ ಸಾವು, ಅನ್ಯಾಯದ ಸಾವು, ಸಿಗದ ನ್ಯಾಯ, ದೆವ್ವವಾಗಲು ಬೇಕಾದ ಎಲ್ಲವೂ ಇಲ್ಲಿದೆ. ಆದರೂ ಯಾವ ಭೂತ ಬಂಗ್ಲೆಯ ಪಟ್ಟಿಯಲ್ಲೂ ನಾನು ಕಟ್ವಾರೂ ಹೆಸರು ಕಂಡಿಲ್ಲ.

ಅದಕ್ಕೇ ನನಗೆ ಅನ್ನಿಸುವುದು, ಈ ಕಥೆಗಳು ಒಂದು ರೀತಿಯ ದಾಖಲೆ, ಆದರೆ ಅರ್ಧ ಪುಟ ಹರಿದ ದಾಖಲೆ. ಮನೆಯ ಮಾಲೀಕರ ದುಃಖ ಅದರಲ್ಲಿ ಉಳಿದಿದೆ, ಹಿಂಬಾಗಿಲಿನವರ ದುಃಖ ಕಳೆದುಹೋಗಿದೆ.

ಹೊಸ ಕಥೆಗಳ ವಿಷಯದಲ್ಲಿ ನಾವು ಇನ್ನೂ ಹುಷಾರಾಗಿರಬೇಕು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ 1940ರ ದಶಕದ ಒಂದು ಚಂದದ ಮನೆ ಇತ್ತು. 2002ರಲ್ಲಿ ಅಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬರ ಕೊಲೆಯಾಯಿತು. ಮನೆ ವರ್ಷಗಟ್ಟಲೆ ಖಾಲಿ ಬಿತ್ತು. ಹುಡುಗರು ಕಾಂಪೌಂಡು ಹಾರಿ, ಕ್ಯಾಮೆರಾ ಹಿಡಿದು, ದೆವ್ವ ಹುಡುಕಲು ಹೋದರು. ಕೊನೆಗೆ ಮನೆಯನ್ನೇ ಕೆಡವಿದರು. ಆ ಮನೆಯನ್ನು ದೆವ್ವದ ಮನೆ ಅಂತ ಕರೆದವರಲ್ಲಿ ಎಷ್ಟು ಜನಕ್ಕೆ ಅಲ್ಲಿ ಬಾಳಿದ ಜೀವದ ಬಗ್ಗೆ ಒಂದು ಮಾತು ಗೊತ್ತಿತ್ತು? ಇನ್ನೂರು ವರ್ಷದ ಹಿಂದಿನ ಕರ್ನಲ್ ಕಥೆ ಹೇಳುವುದು ಬೇರೆ. ಸಂಬಂಧಿಕರು ಇನ್ನೂ ಬದುಕಿರುವಾಗ ಅವರ ಮನೆಯ ಸಾವನ್ನು ವಿಡಿಯೋ ಮಾಡಿ ಹಂಚುವುದು ಬೇರೆ. ಅದು ನನಗೆ ತಪ್ಪು ಅಂತಲೇ ಕಾಣುತ್ತದೆ.

ಆ ಕಾಫಿ ತೋಟದ ಮೇಟಿಯ ವಿಷಯ ಪೂರ್ತಿ ಹೇಳಲಿಲ್ಲ. ಏಣಿಯಿಂದ ಇಳಿದವನು ಅವನಿಗೆ ಕಬ್ಬೆಕ್ಕಿನ ಹಿಕ್ಕೆ ತೋರಿಸಿದೆ. ಅವನು ನೋಡಲೇ ಇಲ್ಲ. "ಗೊತ್ತು ಸಾರ್, ನಮ್ಮಪ್ಪನ ಕಾಲದಿಂದ ಐತೆ. ಬೆಕ್ಕು ಅಂದ್ರೆ ಬಂದವರಿಗೆ ಬೇಜಾರಾಗ್ತದೆ, ದೊರೆ ಅಂದ್ರೆ ಖುಷಿ" ಅಂದ. ಹಾಗಾದರೆ ನಿನಗೆ ಇಲ್ಲಿ ಭಯವೇ ಇಲ್ಲವಾ ಅಂತ ಕೇಳಿದೆ. ಅವನು ಬಂಗ್ಲೆ ಕಡೆ ತಿರುಗಲೂ ಇಲ್ಲ. ಕೂಲಿ ಲೈನಿನ (ತೋಟದ ಆಳುಗಳ ಸಾಲುಮನೆ) ಆಚೆ, ಅತ್ತಿ ಮರದ ಕೆಳಗೆ, ಪಾಚಿ ಕಟ್ಟಿದ ಒಂದಿಷ್ಟು ಕಾಡುಕಲ್ಲುಗಳ ಸಾಲಿತ್ತು. ಒಂದರ ಮೇಲೂ ಅಕ್ಷರ ಇಲ್ಲ. ತೋಟ ಮಾಡಲು ಘಟ್ಟ ಹತ್ತಿ ಬಂದು ಮಲೇರಿಯಾಕ್ಕೆ ಸತ್ತವರು ಅಂದ. ಅವರ ಹೆಸರು ಅವನಿಗೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಲೈನಿನವರೆಲ್ಲ ಸೇರಿ ಅಲ್ಲಿ ಕೋಳಿ ಕೊಯ್ದು ಎಡೆ ಇಡುತ್ತಾರಂತೆ. ಅಮಾವಾಸ್ಯೆ ದಿನ ಮಾತ್ರ, ಕತ್ತಲಾದ ಮೇಲೆ, ಅವನು ಆ ದಾರಿಯಲ್ಲಿ ಹೋಗುವುದಿಲ್ಲವಂತೆ.